ತೆಪ್ಪ ಹತ್ತಿದ ಅವ್ವ, ದಡದಲ್ಲಿ ನಿಂತ ಅಪ್ಪ

ನಮ್ಮ ಕಡೆ ನೀರಿನ ಮೇಲೆ ತೇಲುವ ಯೋಗ ಇರೋದು ಇಬ್ಬರಿಗೇ. ಒಬ್ಬ ಮೀನು ಹಿಡಿಯುವವನು, ಇನ್ನೊಬ್ಬ ತೆಪ್ಪೋತ್ಸವದ ದಿನದ ದೇವರು. ಮಿಕ್ಕವರೆಲ್ಲ ಏರಿ ಮೇಲೆ ನಿಂತು ನೋಡುವವರು.

ಹುಲಿಯೂರುದುರ್ಗದಲ್ಲಿ ಹುಟ್ಟಿ ಬೆಳೆದ ನನಗೆ ಇದರಲ್ಲಿ ವಿಶೇಷ ಏನಾದ್ರೂ ಇದೆ ಅಂತ ಬಹಳ ವರ್ಷ ಅನ್ನಿಸಿರಲೇ ಇಲ್ಲ. ಊರಿಗೊಂದು ದುರ್ಗದ ಬೆಟ್ಟ, ಊರಿಗೊಂದು ದೀಪಾಂಬುಧಿ ಕೆರೆ. ಬೆಟ್ಟ ಹತ್ತೋಕೆ, ಕೆರೆ ನೋಡೋಕೆ. ಮಳೆ ಚೆನ್ನಾಗಿ ಆಗಿ ಕೆರೆ ಕೋಡಿ ಬಿತ್ತು ಅಂದ್ರೆ ಊರಿಗೆ ಊರೇ ಹೋಗಿ ನೋಡಿ ಬರ್ತಿತ್ತು. ಹೆಂಗಸರು ಅರಿಶಿನ ಕುಂಕುಮ ಹಾಕಿ ಕೈ ಮುಗಿಯೋರು, ನಾವು ಹುಡುಗರು ಕಲ್ಲು ಎಸೆದು ಬೈಸಿಕೊಳ್ಳೋರು. ಅಲ್ಲಿಗೆ ನಮ್ಮ ಜಲವಿಹಾರ ಮುಗೀತು. ನಮ್ಮ ತಾಲ್ಲೂಕಿನ ಕುಣಿಗಲ್ ಕೆರೆಯ ಜನಪದ ಗೀತೆಯನ್ನು ನಾಡಿನಲ್ಲಿ ಕೇಳದವರು ಕಡಿಮೆ. ಯೋಚನೆ ಮಾಡಿ ನೋಡಿ, ಅದೂ ಕೆರೆಯನ್ನು ನೋಡುವವರ ಹಾಡೇ ಹೊರತು ಅದರ ಮೇಲೆ ತೇಲುವವರ ಹಾಡಲ್ಲ. ಬಯಲುಸೀಮೆಯಲ್ಲಿ ನೀರು ಅಂದ್ರೆ ಗದ್ದೆಗೆ, ತೋಟಕ್ಕೆ, ದನಕರುಗೆ. ಮೋಜಿಗೆ ನೀರಿಗೆ ಇಳಿದವನಿಗೆ ಬೀಳ್ತಿದ್ದದ್ದು ಏಟು.

ಹೀಗಿರುವಾಗ ನಮ್ಮ ಅವ್ವನಿಗೆ ಅರವತ್ತೆಂಟನೇ ವಯಸ್ಸಿನಲ್ಲಿ ತೆಪ್ಪ ಹತ್ತುವ ಆಸೆ ಹುಟ್ಟಿಕೊಂಡಿತು. ಪಕ್ಕದ ಮನೆಯವರು ಹೊಗೇನಕಲ್‌ಗೆ ಹೋಗಿ ಬಂದು ಮೊಬೈಲಿನಲ್ಲಿ ವಿಡಿಯೋ ತೋರಿಸಿದ್ದೇ ಕಾರಣ. ದುಂಡಗಿನ ತೆಪ್ಪದಲ್ಲಿ ಆ ಮನೆಯ ಅಜ್ಜಿ ಮಹಾರಾಣಿ ಥರ ಕೂತಿದ್ದರಂತೆ. ಆ ವಾರ ನಾನು ಬೆಂಗಳೂರಿನಿಂದ ಊರಿಗೆ ಬಂದಾಗ ಅವ್ವ ಮುದ್ದೆ ಬಡಿಸುತ್ತಾ ಹೇಳಿದಳು, "ನಾನು ಸಾಯೋದ್ರೊಳಗೆ ಒಂದ್ಸಲ ಅದ್ರಲ್ಲಿ ಕೂತ್ಕೋಬೇಕು ಕಣಪ್ಪ."

ಅಪ್ಪ ತಟ್ಟೆಯಿಂದ ತಲೆ ಎತ್ತಲಿಲ್ಲ. "ನೀರು ನೋಡಕ್ಕೆ ಚೆಂದ. ಅದ್ರ ಮೇಲೆ ಕೂರಕ್ಕಲ್ಲ" ಅಂದ.

ನಾನು ಅವ್ವನ ಕಡೆ ಸೇರಿಕೊಂಡೆ. ಅದು 2022ರ ದಸರಾ ರಜೆ. ಆ ವರ್ಷ ಮಳೆ ಎಷ್ಟು ಬಿತ್ತು ಅಂತ ನಮ್ಮ ಕಡೆಯವರಿಗೆ ನೆನಪಿರುತ್ತೆ. ಹೊಗೇನಕಲ್ ದೂರ, ಮಾರ್ಕೋನಹಳ್ಳಿ ಹತ್ತಿರ. ಅಮೃತೂರಿನ ಮೇಲೆ ಹೋದ್ರೆ ಬೆಳಗಿನ ತಿಂಡಿ ಕರಗೋದ್ರೊಳಗೆ ಡ್ಯಾಮ್. ಅಲ್ಲಿ ಹಿನ್ನೀರಿನಲ್ಲಿ ಮೀನು ಹಿಡಿಯುವವರ ತೆಪ್ಪ ಇರುತ್ತೆ, ಯಾರನ್ನಾದ್ರೂ ಕೇಳಿದ್ರೆ ಒಂದು ಸುತ್ತು ಹಾಕಿಸ್ತಾರೆ ಅಂತ ಗೆಳೆಯನೊಬ್ಬ ಹೇಳಿದ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಅವ್ವ, ಅಪ್ಪ. ಕಾರಿಗೆ ಸರಿಯಾಗಿ ಐದು ಜನ.

ಹೊರಡುವ ದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಜಗಲಿ ಮೇಲೆ ನಿಂತು ಬೆಟ್ಟ ನೋಡಿದ. ಬೆಟ್ಟದ ತಲೆ ಮೇಲೆ ಮೋಡ ಹೇಗೆ ಕೂತಿದೆ ಅಂತ ನೋಡಿ ರಾಗಿ ಹೊಲಕ್ಕೆ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡೋದು ಅವನ ಐವತ್ತು ವರ್ಷದ ಅಭ್ಯಾಸ. "ಚಿತ್ತೆ ಕಣ್ಲಾ. ಕುರುಡು ಚಿತ್ತೆ. ಅದಕ್ಕೆ ಕಣ್ಣು ಕಾಣಲ್ಲ, ಎಲ್ಲಿ ಸುರೀತದೋ ಅದಕ್ಕೇ ಗೊತ್ತಿರಲ್ಲ" ಅಂದ. ನಾನು ಮೊಬೈಲ್ ತೆಗೆದು ನೋಡಿದೆ. ಅದರಲ್ಲಿ ಅರ್ಧ ಮೋಡ, ಅರ್ಧ ಸೂರ್ಯ. ಅಪ್ಪನಿಗೆ ತೋರಿಸಿದೆ. ಅವನು ಕನ್ನಡಕ ಹಾಕಿಕೊಂಡು ನೋಡಿ, "ನಾನು ಹೇಳಿದ್ದೂ ಅದೇ ಅಲ್ವಾ" ಅಂದ.

ಮೊದಲು ಎಡೆಯೂರಿಗೆ ಹೋಗಿ ಸಿದ್ಧಲಿಂಗೇಶ್ವರನಿಗೆ ಕೈ ಮುಗಿದೆವು. ನಮ್ಮ ಮನೆಯಲ್ಲಿ ಯಾವ ಪ್ರವಾಸವೂ ದೇವಸ್ಥಾನ ಇಲ್ಲದೆ ಶುರುವಾಗಲ್ಲ. ಅಲ್ಲಿಂದ ಡ್ಯಾಮ್. ಮಾರ್ಕೋನಹಳ್ಳಿಯದು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಕಟ್ಟೆ. ಶಿಂಷಾ ನದಿಗೆ ಅಡ್ಡ ಕಟ್ಟಿರೋದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಕೆರೆಯಿಂದ ಕೆರೆಗೆ ಇಳಿದು ಇಲ್ಲಿಗೆ ಬರ್ತಾಳೆ, ಇಲ್ಲಿಂದ ಮದ್ದೂರಿನ ಕಡೆ ಹೋಗಿ ಮುಂದೆ ಕಾವೇರಿಗೆ ಸೇರ್ತಾಳೆ. ಕಲ್ಲು ಕಟ್ಟಡದ ಭಾಗ 139 ಮೀಟರು. ಅದರ ಎರಡೂ ಕಡೆ ಚಾಚಿಕೊಂಡಿರುವ ಮಣ್ಣಿನ ಏರಿ 1,470 ಮೀಟರು. ತುಂಬಿದರೆ ಸುಮಾರು 2.4 ಟಿಎಂಸಿ ನೀರು ಹಿಡಿಯುತ್ತೆ. ಕೆಆರ್‌ಎಸ್ ಮುಂದೆ ಇದು ಮಗು. ಆದರೆ ಈ ಮಗುವಿನ ಹತ್ತಿರ ದೊಡ್ಡವರಲ್ಲಿ ಅಪರೂಪವಾದ ಒಂದು ವಿದ್ಯೆ ಇದೆ. ಸೈಫನ್.

ಮಗಳು "ಇಲ್ಲಿ ಗೇಟ್ ತೆಗೆಯೋರು ಯಾರಪ್ಪ" ಅಂದಳು. ಯಾರೂ ಇಲ್ಲ ಅಂದೆ. ಅಪ್ಪ ಪಂಪ್‌ಸೆಟ್ಟಿನ ಡೀಸೆಲನ್ನು ಡ್ರಮ್ಮಿನಿಂದ ಪೈಪಿನಲ್ಲಿ ಬಾಯಿಂದ ಎಳೆದು ಕ್ಯಾನಿಗೆ ಬಿಡೋದನ್ನು ಅವಳು ನೋಡಿದ್ದಳು. ಒಂದು ಸಲ ಎಳೆದು ಬಿಟ್ಟರೆ ಸಾಕು, ಆಮೇಲೆ ತಾನಾಗಿ ಹರಿಯುತ್ತೆ. ಇದೂ ಅದೇ. ಕಟ್ಟೆಯ ಮೈಯಲ್ಲೇ ಬಗ್ಗಿಸಿದ ಕೊಳವೆಯಂಥ ದಾರಿ ಮಾಡಿದ್ದಾರೆ. ನೀರು ಒಂದು ಮಟ್ಟ ದಾಟಿದ ಕೂಡಲೇ ಆ ಬಾಗಿನ ಮೇಲೆ ಹತ್ತಿ ಆಚೆಗೆ ಇಳಿಯೋಕೆ ಶುರುವಾಗುತ್ತೆ. ಇಳಿಯುವ ನೀರು ಒಳಗಿನ ಗಾಳಿಯನ್ನು ಎಳಕೊಂಡು ಹೋಗುತ್ತೆ. ಗಾಳಿ ಖಾಲಿಯಾದ ಕ್ಷಣ ಕೊಳವೆ ಪೂರ್ತಿ ತುಂಬಿ ಭೋರ್ ಅಂತ ಸುರಿಯುತ್ತೆ. ಮಟ್ಟ ಇಳಿದು ಗಾಳಿ ಮತ್ತೆ ಒಳಗೆ ನುಗ್ಗಿದಾಗ ತಾನಾಗಿ ನಿಲ್ಲುತ್ತೆ. ಕಟ್ಟೆ ಒಡೆಯದ ಹಾಗೆ ಕಾಯುವ ಕಾವಲುಗಾರ ಇದು. ಹಗಲು ರಾತ್ರಿ ನಿದ್ದೆ ಮಾಡಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡು ಮೊಮ್ಮಗಳಿಗೆ ಒಂದೇ ಮಾತು ಹೇಳಿದ. "ಸದ್ದು ಮಾಡ್ದೆ ಬರೋ ನೀರು ಇದು ಮಗ. ಕೆಳಗೆ ಬರೀ ಬಂಡೆ ಕಾಣ್ತದೆ ಅಂತ ಯಾವತ್ತೂ ಇಳೀಬಾರ್ದು."

ನಾವು ಇಳಿಯಲಿಲ್ಲ. ಹಿನ್ನೀರಿನ ಕಡೆ, ಕಟ್ಟೆಯಿಂದ ಬಹಳ ದೂರ, ಒಂದು ಹಳ್ಳಿಯ ಹತ್ತಿರ ಕಾರು ನಿಲ್ಲಿಸಿದೆವು. ಅಲ್ಲಿ ಒಬ್ಬ ಹುಡುಗ ಬಲೆ ಒಣಹಾಕುತ್ತಿದ್ದ. ಇಪ್ಪತ್ತೈದು ಇರಬಹುದು ವಯಸ್ಸು. ಅವನ ತೆಪ್ಪ ಬೋರಲಾಗಿ ದಡದಲ್ಲಿ ಬಿದ್ದಿತ್ತು, ದೊಡ್ಡ ಆಮೆ ಮಲಗಿದಂತೆ. ಬಿದಿರಿನ ಹೆಣಿಗೆ, ಹೊರಗೆ ಟಾರು ಬಳಿದ ಪ್ಲಾಸ್ಟಿಕ್ ಹಾಳೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ಇಂಥದ್ದನ್ನೇ ನೋಡಿದ್ದ. ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸ್ತಾರೆ, ಕುದುರೆ ಎತ್ತುಗಳನ್ನೂ ದಾಟಿಸ್ತಾರೆ ಅಂತ ಬರೆದಿಟ್ಟಿದ್ದಾನೆ. ಐನೂರು ವರ್ಷದಲ್ಲಿ ಚರ್ಮ ಹೋಗಿ ಪ್ಲಾಸ್ಟಿಕ್ ಬಂದಿದೆ, ಅಷ್ಟೇ.

ಇದು ಐದಾರು ಜನರ ಸಣ್ಣ ತೆಪ್ಪ. ಅಪ್ಪ ಬರಲ್ಲ ಅಂತ ಮೊದಲೇ ಹೇಳಿಬಿಟ್ಟಿದ್ದ. ನಾವು ನಾಲ್ವರು ಚಪ್ಪಲಿ ಬಿಚ್ಚಿ ದಡದಲ್ಲಿಟ್ಟು ಹತ್ತಿದೆವು. ಅವ್ವ ಹತ್ತುವ ಮೊದಲು ತೆಪ್ಪದ ಅಂಚು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹುಡುಗ ಹುಟ್ಟು ಹಾಕಿದ. ದಡ ಮೆಲ್ಲಗೆ ಹಿಂದೆ ಸರಿಯಿತು.

ಆ ಮೊದಲ ಸುತ್ತಿನ ಬಗ್ಗೆ ಹೇಳೋದು ಕಷ್ಟ. ಏನೂ ಆಗಲಿಲ್ಲ, ಅದಕ್ಕೇ. ಬಿಸಿಲು ಬಿದ್ದು ನೀರು ಹೊಳೀತು. ಮೋಡದ ನೆರಳು ನಮ್ಮ ಮೇಲೆ ಹಾಯ್ದು ಹೋಯಿತು. ಬಿಸಿಲಿನಲ್ಲೇ ನಾಲ್ಕು ಹನಿ ಉದುರಿ, ಮಗಳು "ಕಾಗೆ ನರಿ ಮದುವೆ" ಅಂತ ಕೂಗಿದಳು. ಅವ್ವ ಅಂಗೈಯನ್ನು ನೀರಿಗೆ ಬಿಟ್ಟು ಕೂತಿದ್ದಳು. ಮದುವೆಯಾಗಿ ಬಂದಾಗಿನಿಂದ ಕೊಡ, ಬಿಂದಿಗೆ, ತೊಟ್ಟಿ, ಬೋರ್‌ವೆಲ್, ಟ್ಯಾಂಕರ್ ಅಂತ ನೀರಿನ ಹಿಂದೆ ಓಡಿದವಳು. ಬೇಕಾಗಿಲ್ಲದೆ ಸುಮ್ಮನೆ ನೀರು ಮುಟ್ಟಿಕೊಂಡು ಕೂತ ಅವಳನ್ನು ನಾನು ನೋಡಿದ್ದು ಅದೇ ಮೊದಲು. "ತಣ್ಣಗದೆ" ಅಂದಳು. ಅಷ್ಟೇ ಮಾತು.

ಇಪ್ಪತ್ತು ನಿಮಿಷಕ್ಕೆ ದಡಕ್ಕೆ ಬಂದೆವು. ಅಪ್ಪ ಕೈ ಚಾಚಿ ಮೊಮ್ಮಗಳನ್ನು ಇಳಿಸಿಕೊಳ್ಳೋಕೆ ನಿಂತಿದ್ದ. "ಆಯ್ತಲ್ಲ, ಆಸೆ ತೀರ್ತಲ್ಲ, ನಡೀರಿ ಊಟ ಮಾಡಣ" ಅಂದ.

ತಪ್ಪು ಮಾಡಿದ್ದು ನಾನು. ನಡುನೀರಿನಲ್ಲಿ ಮುಳುಗಿ ನಿಂತ ಒಣಮರಗಳಿದ್ದವು. ಅದರ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಕೂತಿದ್ದವು. ಅಲ್ಲಿಗೆ ಹೋಗಿ ಒಂದು ಫೋಟೋ ತೆಗೆದು ಬರೋಣ ಅಂದೆ. ಅಪ್ಪ ಮೂಡಲ ದಿಕ್ಕಿಗೆ ಕತ್ತು ತಿರುಗಿಸಿ, "ಬ್ಯಾಡ ಕಣ್ಲಾ. ಅಲ್ಲಿ ಕಟ್ತಾ ಅದೆ" ಅಂದ. ನನ್ನ ಕಣ್ಣಿಗೆ ಅಲ್ಲಿ ಕಂಡದ್ದು ಒಂದು ಕಪ್ಪು ಪಟ್ಟಿ. ತಲೆ ಮೇಲೆ ಚೆನ್ನಾಗಿ ಬಿಸಿಲಿತ್ತು. ಹುಡುಗನನ್ನು ಕೇಳಿದೆ. ಅವನು ನನ್ನ ಮುಖ ನೋಡಿದ, ಆಕಾಶ ನೋಡಿದ. "ಹೋಗ್‌ಬಿಟ್ಟು ಬರ್ಬೋದು ಸಾ. ಬಿರ್ರನೆ ಬರ್ಬೇಕು ಅಷ್ಟೆ" ಅಂದ. ಕಾಸು ಕೊಡುವವನು ಕೇಳಿದಾಗ ಇಲ್ಲ ಅನ್ನೋದು ಯಾರಿಗೂ ಕಷ್ಟ ಅಂತ ನಾನು ಆಗ ಯೋಚಿಸಲಿಲ್ಲ. ಲೈಫ್ ಜಾಕೆಟ್ ಅನ್ನುವ ಮಾತಂತೂ ನನ್ನ ಬಾಯಲ್ಲಿ ಬೆಳಗಿನಿಂದ ಬಂದೇ ಇರಲಿಲ್ಲ. ಆಫೀಸಿಗೆ ಬೈಕಿನಲ್ಲಿ ಹೋಗುವಾಗ ಗಲ್ಲಿಯ ತುದಿಗೂ ಹೆಲ್ಮೆಟ್ ಹಾಕುವ ಮನುಷ್ಯ ನಾನು.

ನಾವು ಮತ್ತೆ ನೀರಿಗೆ ಹೋದೆವು. ಕಾರಿನ ಕೀ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಅಪ್ಪನ ಮೊಬೈಲು, ಕೊಡೆ, ಊಟದ ಬುಟ್ಟಿ ಎಲ್ಲ ಕಾರಿನೊಳಗೆ. ಕಾರಿಗೆ ಬೀಗ.

ಮರಗಳ ಹತ್ತಿರ ಹೋಗುವಷ್ಟರಲ್ಲಿ ಗಾಳಿ ತಣ್ಣಗಾಯಿತು. ಇದನ್ನು ಆಮೇಲೆ ಆ ಹುಡುಗನೇ ನನಗೆ ಹೇಳಿಕೊಟ್ಟ. ಮಳೆಗಿಂತ ಮುಂಚೆ ಗಾಳಿ, ಗಾಳಿಗಿಂತ ಮುಂಚೆ ತಂಪು. ದೂರದಲ್ಲಿ ಸುರಿಯುವ ಮಳೆ ಮೇಲಿನ ತಣ್ಣನೆ ಗಾಳಿಯನ್ನು ನೆಲಕ್ಕೆ ತಳ್ಳುತ್ತೆ. ಅದು ನೆಲಕ್ಕೆ ಬಡಿದು ಸುತ್ತಲೂ ಹರಡಿ, ಮಳೆ ಬರುವ ಮೊದಲೇ ನಮ್ಮನ್ನು ಮುಟ್ಟುತ್ತೆ. ಮಧ್ಯಾಹ್ನದ ಸೆಕೆಯಲ್ಲಿ ಇದ್ದಕ್ಕಿದ್ದಂತೆ ಹಾಯ್ ಅನ್ನಿಸಿತು ಅಂದ್ರೆ ಅದೇ ಎಚ್ಚರಿಕೆ. ನನಗೂ ಹಾಯ್ ಅನ್ನಿಸಿತು. ಎಚ್ಚರಿಕೆ ಅನ್ನಿಸಲಿಲ್ಲ. ನೀರುಕಾಗೆಗಳು ಎದ್ದು ಹೋದವು. ನೀರಿನ ಮೇಲೆ ಒಂದು ಕಪ್ಪು ಗೆರೆ ನಮ್ಮ ಕಡೆ ಓಡಿ ಬಂತು.

"ಕೆಳಗೆ ಕೂತ್ಕಳಿ. ಎಲ್ರೂ ಕೆಳಗೆ" ಅಂದ ಹುಡುಗ. ಅಂಚಿನ ಮೇಲೆ ಕೂತಿದ್ದ ನಾನು ತಳಕ್ಕೆ ಜಾರಿದೆ. ಗಾಳಿ ಬಡಿದ ಕೂಡಲೇ ತೆಪ್ಪ ತಿರುಗಿತು. ತೆಪ್ಪಕ್ಕೆ ಮುಂದೆ ಹಿಂದೆ ಇಲ್ಲ, ನೀರನ್ನು ಸೀಳುವ ಮೂಗಿಲ್ಲ. ಗಾಳಿ ಹಿಡಿದುಕೊಂಡರೆ ಬುಗುರಿ. ಒಂದು ಸಲ ಅಪ್ಪ ನಿಂತ ದಡ ಕಾಣುತ್ತಿತ್ತು, ಇನ್ನೊಂದು ಸಲ ಆಚೆಯ ದಡ, ಮತ್ತೆ ಅಪ್ಪನ ದಡ. ಮೂರನೇ ಸುತ್ತಿಗೆ ಮಳೆಯ ಪರದೆ ಬಿದ್ದು ಯಾವ ದಡವೂ ಕಾಣದಾಯಿತು.

ನಾನು "ಆ ಕಡೆ, ಆ ಕಡೆ, ನಮ್ಮಪ್ಪ ಇರೋ ಕಡೆ" ಅಂತ ಕೂಗುತ್ತಿದ್ದೆ. ಹುಡುಗ ನನ್ನ ಕಡೆ ತಿರುಗಲೂ ಇಲ್ಲ. "ಆ ಕಡೆ ಎದುರುಗಾಳಿ ಸಾ. ತಳ್ಳಿದ ಕಡೆ ಹೋದ್ರೆ ದಡ ಸಿಗ್ತದೆ. ಸುಮ್ನಿರಿ" ಅಂದ. ಅವನು ಗಾಳಿಯ ಜೊತೆ ಜಗಳವಾಡಲಿಲ್ಲ. ತೆಪ್ಪ ವಾಲದ ಹಾಗೆ, ಮರದ ಬೊಡ್ಡೆಗೆ ಬಡಿಯದ ಹಾಗೆ ಮಾತ್ರ ಹುಟ್ಟು ಹಾಕುತ್ತಾ ಅದು ಹೋದ ಕಡೆ ಬಿಟ್ಟ.

ಅವ್ವ ಆಗ ಏನು ಮಾಡುತ್ತಿದ್ದಳು ಅನ್ನೋದು ನನಗೆ ಚೆನ್ನಾಗಿ ನೆನಪಿದೆ. ಮಗಳನ್ನು ಸೊಸೆಯ ತೊಡೆಗೆ ದಾಟಿಸಿ, ತನ್ನ ಸೆರಗನ್ನು ಇಬ್ಬರ ತಲೆ ಮೇಲೂ ಹಾಕಿದಳು. ಆಮೇಲೆ ತಳದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಡಬ್ಬ ಎತ್ತಿಕೊಂಡು, "ನೀರು ಎತ್ತಿ ಹಾಕ್ಲಾ ಮಗ?" ಅಂತ ಹುಡುಗನನ್ನು ಕೇಳಿದಳು. "ಹಾಕಿ ಅಮ್ಮಾರೆ" ಅಂದ. ಮನೆಯ ತೊಟ್ಟಿ ತೊಳೆಯುವವಳಂತೆ ಒಂದೇ ಸಮನೆ ಎತ್ತಿ ಎತ್ತಿ ಚೆಲ್ಲಿದಳು. ನನ್ನ ಹೆಂಡತಿ ಕಣ್ಣು ಮುಚ್ಚಿ ಸಿದ್ಧಲಿಂಗೇಶ್ವರನ ಹೆಸರು ಹೇಳುತ್ತಿದ್ದಳು. ನಾನು ಏನೂ ಮಾಡುತ್ತಿರಲಿಲ್ಲ. ಅಂಚು ಹಿಡಿದುಕೊಂಡಿದ್ದೆ.

ಎಷ್ಟು ಹೊತ್ತು ಅಂತ ಸರಿಯಾಗಿ ಹೇಳಲಾರೆ. ಹತ್ತು ಹದಿನೈದು ನಿಮಿಷ ಇರಬೇಕು. ತೆಪ್ಪದ ತಳ ಗೊರಗೊರ ಅಂತ ಕೆಸರಿಗೆ ತಾಗಿತು. ಯಾರದೋ ರಾಗಿ ಹೊಲದ ಅಂಚು. ತೆನೆ ಮಲಗಿಹೋಗಿತ್ತು. ಮೊಣಕಾಲುದ್ದ ಕೆಸರಿನಲ್ಲಿ ಬರಿಗಾಲಿನಲ್ಲಿ ಹತ್ತಿ ಒಂದು ಪಂಪ್‌ಹೌಸಿನ ಗೋಡೆಗೆ ಒತ್ತಿಕೊಂಡು ನಿಂತೆವು. ಮಗಳು ನಡುಗುತ್ತಲೇ ಕೇಳಿದಳು, "ತಾತ ಎಲ್ಲಿ?"

ಆಗ ಫೋನ್ ಮಾಡಿದೆ. ರಿಂಗಾಯಿತು. ಇಷ್ಟಗಲ ನೀರಿನ ಆಚೆ, ಬೀಗ ಹಾಕಿದ ಕಾರಿನೊಳಗೆ ರಿಂಗಾಗುತ್ತಿದೆ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಮಾಡಿದೆ. ಜೇಬಿನಲ್ಲಿ ಕೀ ಚುಚ್ಚುತ್ತಿತ್ತು.

ಗಾಳಿ ನಿಂತರೂ ಮಳೆ ನಿಲ್ಲಲಿಲ್ಲ. ಮತ್ತೆ ತೆಪ್ಪದಲ್ಲಿ ದಾಟೋದು ಬೇಡ ಅಂತ ಹುಡುಗನೇ ಹೇಳಿದ. ಹೊಲದ ದಾರಿಯಲ್ಲಿ ನಡೆದು, ಹಳ್ಳಿ ಸಿಕ್ಕಿ, ಅಲ್ಲಿ ತೆಂಗಿನಕಾಯಿ ಸಾಗಿಸುವ ಲಗೇಜ್ ಆಟೊ ಸಿಕ್ಕಿ, ನೀರನ್ನು ಸುತ್ತಿ ಬಳಸಿ ಈಚೆ ಬರೋಕೆ ಎರಡು ಗಂಟೆ ಹತ್ತಿರ ಹಿಡಿಯಿತು. ಈಚೆ ಬರುವಷ್ಟರಲ್ಲಿ ಏನೂ ಆಗಿಲ್ಲ ಅನ್ನುವ ಹಾಗೆ ಬಿಸಿಲು ಬಂದಿತ್ತು. ಕುರುಡು ಚಿತ್ತೆ.

ಅಪ್ಪ ಅದೇ ಜಾಗದಲ್ಲಿ ನಿಂತಿದ್ದ. ಪಂಚೆ ಮೈಗೆ ಅಂಟಿಕೊಂಡಿತ್ತು. ಇಪ್ಪತ್ತು ಹೆಜ್ಜೆ ದೂರದಲ್ಲಿ ಹುಣಸೆ ಮರ ಇತ್ತು, ಅದರ ಕೆಳಗೂ ಹೋಗಿರಲಿಲ್ಲ. ಇನ್ನೊಬ್ಬ ಮೀನುಗಾರನ ಕೈಕಾಲು ಹಿಡಿದು ತೆಪ್ಪ ಬಿಡು ಅಂತ ಕೇಳಿದನಂತೆ. ಈ ಗಾಳಿಗೆ ನಾನೂ ಹೋದ್ರೆ ಐದರ ಜೊತೆ ಆರು ಅಂತ ಅವನು ಹೇಳಿದನಂತೆ. ಇದನ್ನು ನನಗೆ ಹೇಳಿದ್ದು ಆ ಮೀನುಗಾರ. ಅಪ್ಪ ಹೇಳಲಿಲ್ಲ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇತ್ತು. ಒಳಗೆ ನಾವು ದಡದಲ್ಲಿ ಬಿಟ್ಟು ಹೋಗಿದ್ದ ನಾಲ್ಕು ಜೊತೆ ಚಪ್ಪಲಿ. ನೆನೆಯಬಾರದು ಅಂತ ಎತ್ತಿಟ್ಟುಕೊಂಡಿದ್ದ.

ಮೊಮ್ಮಗಳು ಓಡಿ ಹೋಗಿ ಕಾಲು ತಬ್ಬಿಕೊಂಡಳು. ಅಪ್ಪ ಅವಳ ತಲೆ ಒರೆಸಿದ. ನನ್ನ ಮುಂದೆ ಕೈ ಚಾಚಿ, "ಕೀ ಕೊಡು" ಅಂದ.

ಅಷ್ಟೇ. ಕಾರಿನಲ್ಲಿ ಮಾತಿಲ್ಲ. ಮನೆಯಲ್ಲೂ ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವ್ವ ಮಾತ್ರ ವಾರಗಟ್ಟಲೆ ಬೀದಿಯವರಿಗೆಲ್ಲ ತಾನು ನೀರು ಎತ್ತಿ ಹಾಕಿದ ಕತೆ ಹೇಳಿದಳು. ಪ್ರತಿ ಸಲ ಹೇಳುವಾಗಲೂ ಗಾಳಿ ಇನ್ನಷ್ಟು ಜೋರಾಗುತ್ತಿತ್ತು. ಅಪ್ಪ ಆ ಹೊತ್ತಿಗೆ ಎದ್ದು ಕೊಟ್ಟಿಗೆ ಕಡೆ ಹೋಗುತ್ತಿದ್ದ. ನಮ್ಮದು ಹದಿನೈದು ನಿಮಿಷದ ಭಯ. ಭಯದ ಜೊತೆ ಮಾಡೋಕೆ ಕೆಲಸವೂ ಇತ್ತು, ಪಕ್ಕದಲ್ಲಿ ನಮ್ಮವರೂ ಇದ್ದರು. ಅವನದು ಎರಡು ಗಂಟೆ. ಮಾಡೋಕೆ ಕೆಲಸವಿಲ್ಲ, ಜೊತೆಗೆ ಯಾರೂ ಇಲ್ಲ, ಕೈಯಲ್ಲಿ ನಾಲ್ಕು ಜೊತೆ ಚಪ್ಪಲಿ. ಇದು ನನಗೆ ಹೊಳೆಯೋಕೆ ಬಹಳ ದಿನ ಬೇಕಾಯಿತು.

2025ರ ಅಕ್ಟೋಬರ್‌ನಲ್ಲಿ ಅದೇ ಮಾರ್ಕೋನಹಳ್ಳಿಯ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಪ್ರವಾಸಕ್ಕೆ ಬಂದ ಕುಟುಂಬವೊಂದು ಡ್ಯಾಮಿನ ಕೆಳಗೆ ನೀರಿಗೆ ಇಳಿದಿತ್ತು. ಸೈಫನ್ ಒಮ್ಮೆಲೇ ಹರಿಯಿತು. ಹೆಂಗಸರು ಮಕ್ಕಳು ಸೇರಿ ಹಲವರು ಕೊಚ್ಚಿಹೋದರು. ಆವತ್ತು ನಾನು ಮಗಳಿಗೆ ಡೀಸೆಲ್ ಪೈಪಿನ ಉದಾಹರಣೆ ಕೊಟ್ಟು ವಿವರಿಸಿದ್ದ ಅದೇ ಸೈಫನ್. ಕಟ್ಟೆಯನ್ನು ಕಾಯುವ ಆ ಕಾವಲುಗಾರನಿಗೆ ಕೆಳಗೆ ಯಾರಿದ್ದಾರೆ ಅಂತ ನೋಡುವ ಕಣ್ಣಿಲ್ಲ.

ಬೆಳಿಗ್ಗೆಯೇ ಅಪ್ಪನ ಫೋನ್ ಬಂತು. ಅವನಾಗಿ ನನಗೆ ಫೋನ್ ಮಾಡೋದು ಅಪರೂಪ.

"ಪೇಪರ್ ನೋಡ್ದಾ?"

"ನೋಡ್ದೆ ಅಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಿಕ್ಕೋರು ದಡದಲ್ಲೇ ಇದ್ರಂತೆ ಕಣ್ಲಾ. ನೋಡ್ತಾ ಇದ್ರಂತೆ."

ನಾನು "ಹೂಂ" ಅಂದೆ. ಆಮೇಲೆ, ಮೂರು ವರ್ಷ ತಡವಾಗಿ, "ಆವತ್ತು ನನ್ನದು ತಪ್ಪಾಯ್ತಪ್ಪ" ಅಂದೆ. ಆ ಕಡೆಯಿಂದ ಹಸು ಕೂಗಿದ್ದು ಕೇಳಿಸಿತು. "ಸರಿ ಬಿಡು. ಮಳೆ ಬತ್ತದೆ, ಹುಲ್ಲು ಎತ್ತಿಡಬೇಕು" ಅಂತ ಫೋನ್ ಇಟ್ಟ.

ಇದನ್ನು ಓದಿ ಯಾರೂ ನೀರಿನ ಕಡೆಗೇ ಹೋಗಬೇಡಿ ಅಂತ ನಾನು ಹೇಳಲ್ಲ. ಹೇಳಿದರೆ ಅವ್ವನೇ ನನ್ನನ್ನು ಸುಮ್ಮನೆ ಬಿಡಲ್ಲ. ತಣ್ಣನೆ ನೀರಿಗೆ ಅಂಗೈ ಬಿಟ್ಟು ಅವಳು ಕೂತಿದ್ದ ಆ ಇಪ್ಪತ್ತು ನಿಮಿಷ ಅವಳದ್ದು, ಅದನ್ನು ವಾಪಸ್ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಹಸ್ತ, ಚಿತ್ತೆ ಮಳೆಯ ದಿನಗಳಲ್ಲಿ ನೀರಿನ ಮೇಲಿನ ಕೆಲಸ ಬೆಳಿಗ್ಗೆಯೇ ಮುಗಿಸಿ. ಸೆಕೆಯ ನಡುವೆ ತಂಪು ಗಾಳಿ ಬಂದರೆ ದಡ ಸೇರಿ. ಡ್ಯಾಮಿನ ಕೆಳಗಿನ ಬಂಡೆ ಎಷ್ಟೇ ಒಣಗಿ ಕಂಡರೂ ಇಳಿಯಬೇಡಿ. ಹುಟ್ಟು ಹಾಕುವವನಿಗೆ ಬೇಡ ಅನ್ನುವ ಅವಕಾಶ ಕೊಡಿ. ಜಾಕೆಟ್ ಇಲ್ಲದಿದ್ದರೆ ಫೋಟೋ ದಡದಲ್ಲೇ ತೆಗೀರಿ.

ಈ ಜನವರಿಯಲ್ಲಿ ಅವ್ವನನ್ನು ರಂಗನತಿಟ್ಟಿಗೆ ಕರೆದುಕೊಂಡು ಹೋದೆವು. ಆಕಾಶದಲ್ಲಿ ಒಂದು ಚೂರು ಮೋಡ ಇರಲಿಲ್ಲ. ಸೀರೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ಬಿಗಿದುಕೊಂಡು ದೋಣಿಯಲ್ಲಿ ಕೂತವಳು, ನೀರು ಎತ್ತಿ ಹಾಕೋಕೆ ಡಬ್ಬ ಇದೆಯಾ ಅಂತ ಮೊದಲು ವಿಚಾರಿಸಿದಳು. ಅಪ್ಪ ಎಂದಿನಂತೆ ದಡದಲ್ಲೇ ಉಳಿದ. ಹೊರಡುವ ಮೊದಲು ನಾನು ಕೇಳದೇ ಕೀ ಅವನ ಕೈಗೆ ಕೊಟ್ಟೆ. ಅವನು ಜೇಬಿಗೆ ಹಾಕಿಕೊಂಡು, ಮೇಲಿಂದ ಒಂದು ಸಲ ತಟ್ಟಿ ನೋಡಿಕೊಂಡ.